ಬ್ಲ್ಯಾಕ್ ಮಿಸ್ಟ್ ಹಾಕಿದರೆ ಫಿಲ್ಮ್ ಲುಕ್ ಬರುತ್ತದೆಯೇ?

ಪ್ರಶ್ನೆ: ಗೆಳೆಯರೆಲ್ಲ ಸೇರಿ 20 ನಿಮಿಷದ ಕಿರುಚಿತ್ರ ಮಾಡಲು ಹೊರಟಿದ್ದೇವೆ. ಕ್ಯಾಮೆರಾ ಸೋನಿ ಎಫ್‌ಎಕ್ಸ್30. ಲೆನ್ಸ್ ಎರಡು: ಸಿಗ್ಮಾ 18-50 ಎಂಎಂ ಎಫ್2.8 ಜೂಮ್ ಮತ್ತು ಸಿಗ್ಮಾ 56 ಎಂಎಂ ಎಫ್1.4. ಕತೆ ನಡೆಯುವುದು ರಾತ್ರಿ ಹೊತ್ತು ಒಂದು ಗೂಡಂಗಡಿಯಲ್ಲಿ, ಹಗಲು ಒಂದು ಹಳೇ ತೊಟ್ಟಿ ಮನೆಯಲ್ಲಿ. ಟೆಸ್ಟ್ ಶೂಟ್ ನೋಡಿದವರೆಲ್ಲ 'ಸೀರಿಯಲ್ ಇದ್ದ ಹಾಗಿದೆ' ಅಂದರು. ಲೆನ್ಸಿನ ಮುಂದೆ ಬ್ಲ್ಯಾಕ್ ಪ್ರೊ-ಮಿಸ್ಟ್ 1/2 ಎಂಬ ಬೆಳಕು ಹರಡುವ ಫಿಲ್ಟರ್ ಹಾಕಿದರೆ ಫಿಲ್ಮ್ ಲುಕ್ ಬರುತ್ತದೆ ಎಂದು ಒಬ್ಬರು ಹೇಳುತ್ತಾರೆ. ಫಿಲ್ಟರ್ ದಂಡ, ಎಡಿಟಿಂಗ್‌ನಲ್ಲಿ ಗ್ಲೋ ಹಾಕಿದರೆ ಸಾಕು ಎಂದು ಇನ್ನೊಬ್ಬರು. ಲೆನ್ಸಿಗೆ ಸ್ಟಾಕಿಂಗ್ ಕಟ್ಟಿದರೆ ಖರ್ಚೇ ಇಲ್ಲ ಎಂದು ಮತ್ತೊಬ್ಬರು. ಯಾರ ಮಾತು ಕೇಳಬೇಕು?

ಉತ್ತರ: ಮೂವರ ಮಾತಿನಲ್ಲೂ ಒಂದಿಷ್ಟು ಹುರುಳಿದೆ. ಆದರೆ 1/2 ಮಾತ್ರ ಬೇಡ (ಈ ಅಂಕಿ ಫಿಲ್ಟರಿನ ತೀವ್ರತೆ, ಅಂಕಿ ಚಿಕ್ಕದಾದಷ್ಟೂ ಪರಿಣಾಮ ಕಡಿಮೆ). 1/8 ಸಾಕು, ಅದನ್ನೂ ಮೊದಲು ಬಾಡಿಗೆಗೆ ತಂದು ನೋಡಿ. ಇನ್ನು ನಿಮ್ಮ ಟೆಸ್ಟ್ ಸೀರಿಯಲ್ ಥರ ಕಾಣುತ್ತಿರುವುದಕ್ಕೆ ಫಿಲ್ಟರ್ ಇಲ್ಲದ್ದೇ ಕಾರಣ ಎಂದು ನನಗೆ ಅನಿಸುವುದಿಲ್ಲ. ಮೊದಲು ಅದನ್ನು ಮುಗಿಸಿಬಿಡೋಣ.

ಮೂರು ವಿಷಯ ನೋಡಿಕೊಳ್ಳಿ. ಕ್ಯಾಮೆರಾ ತಾನಾಗಿಯೇ ಚಿತ್ರದ ಅಂಚುಗಳನ್ನು ಚೂಪು ಮಾಡುತ್ತದೆ. ರೆಪ್ಪೆಗೂದಲು, ಸೀರೆಯ ಅಂಚು, ಹೆಂಚಿನ ಸಾಲು, ಇವುಗಳ ಪಕ್ಕ ಕೂದಲೆಳೆಯಂಥ ಬಿಳಿ ಗೆರೆ ಕಂಡರೆ ಅದೇ ಇದು. ಲೆನ್ಸಿನ ಮುಂದೆ ಯಾವ ಫಿಲ್ಟರ್ ಹಾಕಿದರೂ ಇದು ಹೋಗದು, ಯಾಕೆಂದರೆ ಫಿಲ್ಟರ್ ದಾಟಿ ಬಂದ ಚಿತ್ರವನ್ನೇ ಕ್ಯಾಮೆರಾ ಮತ್ತೆ ಚೂಪು ಮಾಡುತ್ತದೆ. ಕ್ಯಾಮೆರಾದ ಮೆನುವಿನಲ್ಲಿರುವ ಪಿಕ್ಚರ್ ಪ್ರೊಫೈಲ್ ಬಳಸಿ ಶೂಟ್ ಮಾಡುವುದಾದರೆ ಅದರಲ್ಲಿ 'ಡೀಟೇಲ್' ಎಂಬುದನ್ನು -7ಕ್ಕೆ ಇಳಿಸಿ. ಎರಡನೆಯದು ಶಟರ್, ಅಂದರೆ ಒಂದೊಂದು ಫ್ರೇಮಿಗೂ ಬೆಳಕು ಬೀಳುವ ಹೊತ್ತು. ಸೆಕೆಂಡಿಗೆ 25 ಫ್ರೇಮ್ ಆದರೆ 1/50 ಸೆಕೆಂಡ್. ನಮ್ಮ ಕರೆಂಟು 50 ಹರ್ಟ್ಸ್‌ನದು, ಆದ್ದರಿಂದ ಟ್ಯೂಬ್‌ಲೈಟ್ ಮಿನುಗುವ ಕಾಟವೂ ಇದರಲ್ಲಿ ಕಡಿಮೆ. 24 ಫ್ರೇಮೇ ಬೇಕು ಅನ್ನುವವರೂ ಶಟರ್ 1/50ರಲ್ಲೇ ಇಟ್ಟುಕೊಳ್ಳಿ (ಶಟರ್ ಆ್ಯಂಗಲ್ ಎಂದು ಡಿಗ್ರಿಯಲ್ಲಿ ಹೇಳುವವರ ಲೆಕ್ಕದಲ್ಲಿ ಅದು 172.8 ಡಿಗ್ರಿ). ಅಗ್ಗದ ಎಲ್‌ಇಡಿಗಳು ಆಗಲೂ ಕೈಕೊಡಬಹುದು, ಅಂಗಡಿಯ ಬಲ್ಬನ್ನು ಮೊದಲೇ ಒಂದು ನಿಮಿಷ ರೆಕಾರ್ಡ್ ಮಾಡಿ ನೋಡಿ.

ಮೂರನೆಯದು ಬೆಳಕು, ಮತ್ತು ಎಲ್ಲಕ್ಕಿಂತ ದೊಡ್ಡದು. ಸೀರಿಯಲ್‌ನಲ್ಲಿ ಒಂದೇ ಸೆಟ್‌ನಲ್ಲಿ ಹಲವು ಕ್ಯಾಮೆರಾ ಓಡಬೇಕು, ದಿನಕ್ಕೆ ಇಷ್ಟು ದೃಶ್ಯ ಎಂದು ಮುಗಿಯಬೇಕು. ಹಾಗಾಗಿ ಮುಖಕ್ಕೂ ಬೆಳಕು, ಗೋಡೆಗೂ ಬೆಳಕು, ಮೂಲೆಯ ಮಡಕೆಗೂ ಬೆಳಕು. ಫ್ರೇಮಿನಲ್ಲಿ ಒಂದಕ್ಕಿಂತ ಒಂದು ಬಹಳ ಹೆಚ್ಚು ಬೆಳಗಿರುವುದಿಲ್ಲ. ಅಂಥ ಚಿತ್ರದ ಮುಂದೆ ಮಿಸ್ಟ್‌ನಂಥ ಡಿಫ್ಯೂಶನ್ (ಬೆಳಕು ಹರಡುವ) ಫಿಲ್ಟರ್ ಇಟ್ಟರೆ ಚಿತ್ರ ಮಂಕಾಗುತ್ತದೆ, ಅಷ್ಟೆ. ಫಿಲ್ಟರ್ ಹರಡುವುದು ಅತಿ ಬೆಳಕನ್ನು. ಹರಡಲು ಅಂಥದ್ದೇನೂ ಇಲ್ಲದ ಕಡೆ ಅದಕ್ಕೆ ಕೆಲಸವೂ ಇಲ್ಲ. ಡಿಫ್ಯೂಶನ್ ಬಗ್ಗೆ ನೆನಪಿಡಬೇಕಾದ ಮಾತು ಒಂದೇ ಇದ್ದರೆ ಅದು ಇದೇ, ಮುಂದೆ ಹೇಳುವುದೆಲ್ಲ ಇದರ ವಿವರ.

ಕೆಲಸ ಹೇಗೆ ನಡೆಯುತ್ತದೆ ಎಂದರೆ, ಫಿಲ್ಟರ್ ಗಾಜಿನಲ್ಲಿ ಬಹಳ ಸಣ್ಣ ಚುಕ್ಕೆಗಳಿರುತ್ತವೆ. ಬೆಳಕಿನ ಬಹುಪಾಲು ಅವುಗಳ ನಡುವಿನಿಂದ ನೆಟ್ಟಗೆ ಹೋಗುತ್ತದೆ. ಚುಕ್ಕೆಗೆ ತಾಗಿದ ಸ್ವಲ್ಪ ಬೆಳಕು ದಿಕ್ಕು ಬದಲಿಸಿ ಸೆನ್ಸರಿನ ಅಕ್ಕಪಕ್ಕದ ಜಾಗದಲ್ಲಿ ಬೀಳುತ್ತದೆ. ಹಿಂದಿನ ಗೋಡೆಗಿಂತ ಬಲ್ಬು 500 ಪಟ್ಟು ಬೆಳಗಿದೆ, ಫಿಲ್ಟರ್ ಚದುರಿಸುವುದು ನೂರಕ್ಕೆ ಒಂದು ಪಾಲು ಎಂದಿಟ್ಟುಕೊಳ್ಳಿ. ಗೋಡೆಯ ಬೆಳಕಿನಲ್ಲಿ ನೂರಕ್ಕೆ ಒಂದು ಪಾಲು ಆಚೀಚೆ ಆದರೆ ಯಾರಿಗೂ ಗೊತ್ತಾಗುವುದಿಲ್ಲ. ಬಲ್ಬಿನ ನೂರಕ್ಕೆ ಒಂದು ಪಾಲೆಂದರೆ ಗೋಡೆಯ ಐದು ಪಟ್ಟು. ಅದು ಒಂದೇ ಕಡೆ ಬೀಳದೆ ಸುತ್ತ ಹರಡಿಕೊಳ್ಳುತ್ತದೆ, ಹಾಗೆ ಹರಡಿಯೂ ಕಣ್ಣಿಗೆ ಕಾಣುವಷ್ಟು ಉಳಿಯುತ್ತದೆ. ಬಲ್ಬಿನ ಸುತ್ತ ಕಾಣುವ ಪ್ರಭೆ ಅದೇ. ಬರೀ ಪ್ರೊ-ಮಿಸ್ಟ್ ಆದರೆ ಈ ಚದುರಿದ ಬೆಳಕು ನೆರಳಿನ ಜಾಗಗಳನ್ನೂ ತುಂಬಿ ಕಪ್ಪೆಲ್ಲ ಬೂದುಬಣ್ಣವಾಗುತ್ತದೆ. 'ಬ್ಲ್ಯಾಕ್' ಎಂದಿರುವುದರಲ್ಲಿ ಕಪ್ಪು ಚುಕ್ಕೆಗಳೂ ಇದ್ದು ಒಂದಿಷ್ಟನ್ನು ಹೀರಿಕೊಳ್ಳುವುದರಿಂದ ಕಪ್ಪು ತಕ್ಕಮಟ್ಟಿಗೆ ಉಳಿಯುತ್ತದೆ. ಪೂರ್ತಿ ಉಳಿಯುವುದಿಲ್ಲ. ಅಂಗಡಿಯವರು ಹೇಗೆ ಹೇಳಿದರೂ ಅಷ್ಟೇ.

ಇದಕ್ಕೂ ಫಿಲ್ಮಿಗೂ ಏನು ಸಂಬಂಧ? ಇದೆ, ಆದರೆ ಹೇಳುವಷ್ಟು ಹತ್ತಿರದ್ದಲ್ಲ. ಸೆನ್ಸರ್ ಬೆಳಕನ್ನು ಒಂದೇ ಸಮನೆ ಲೆಕ್ಕ ಹಾಕುತ್ತ ಹೋಗಿ ಒಂದು ಮಿತಿಯಲ್ಲಿ ಥಟ್ಟನೆ ನಿಂತುಬಿಡುತ್ತದೆ. ಬಲ್ಬು ಕತ್ತರಿಯಲ್ಲಿ ಕತ್ತರಿಸಿ ಅಂಟಿಸಿದ ಬಿಳಿ ಕಾಗದದ ಹಾಗೆ ಕಾಣುವುದು ಅದಕ್ಕೆ. ಫಿಲ್ಮ್ ನೆಗೆಟಿವ್‌ನಲ್ಲಿ ಬೆಳಕು ಹೆಚ್ಚಿದಂತೆ ಅದರ ಪರಿಣಾಮ ನಿಧಾನಕ್ಕೆ ತಗ್ಗುತ್ತ ಬರುತ್ತದೆ, ಬಿಳಿ ಮೆಲ್ಲಗೆ ಆರಂಭವಾಗಿ ಮೆಲ್ಲಗೆ ಏರುತ್ತದೆ. ಡಿಫ್ಯೂಶನ್ ಫಿಲ್ಟರ್ ಆ ಕತ್ತರಿಸಿದ ಅಂಚನ್ನು ಕರಗಿಸುತ್ತದೆ. ಬಲ್ಬಿನ ನಟ್ಟನಡುವೆ ಮಾಹಿತಿ ಹೋಗಿದ್ದರೆ ಅದು ಹೋದಂತೆಯೇ. ಅಂಚು ಮಾತ್ರ ಫಿಲ್ಮಿನದನ್ನು ನೆನಪಿಸುವ ಹಾಗಾಗುತ್ತದೆ. ಫಿಲ್ಟರ್ ಫಿಲ್ಮಿಗೆ ಹತ್ತಿರವಾಗುವುದು ಇಷ್ಟು ಮಾತ್ರ.

ಹ್ಯಾಲೇಶನ್ ಎಂದು ಕರೆಯುವುದು ಇನ್ನೊಂದು. ಬಹಳ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಕಲರ್ ನೆಗೆಟಿವ್‌ನಲ್ಲಿ ನೀಲಿಗೆ ಸ್ಪಂದಿಸುವ ಪದರ ಮೇಲೆ, ಹಸಿರಿನದು ನಡುವೆ, ಕೆಂಪಿನದು ತಳದಲ್ಲಿ. ಪ್ರಖರ ಬೆಳಕು ಮೂರನ್ನೂ ತೂರಿ, ಫಿಲ್ಮಿನ ಬೆನ್ನಿಗೆ ಬಡಿದು ವಾಪಸ್ ಬರುವಾಗ ಮೊದಲು ಸಿಗುವುದು ಕೆಂಪು ಪದರ. ಹಾಗಾಗಿ ಉಜ್ವಲ ಅಂಚಿನ ಸುತ್ತ ಕೆಂಪು-ಕಿತ್ತಳೆ ಗೆರೆ ಮೂಡುತ್ತದೆ. ಇದನ್ನು ತಡೆಯಲೆಂದೇ ಸಿನಿಮಾ ನೆಗೆಟಿವ್‌ನ ಬೆನ್ನಿಗೆ ರೆಮ್‌ಜೆಟ್ ಎಂಬ ಕಪ್ಪು ಇಂಗಾಲದ ಲೇಪ ಹಾಕುತ್ತಿದ್ದರು. ಸ್ಟಿಲ್ ಫೋಟೋಗ್ರಾಫರುಗಳಲ್ಲಿ ಹೆಸರು ಮಾಡಿದ ಸಿನೆಸ್ಟಿಲ್ 800ಟಿ ಎಂಬುದು ಕೊಡಾಕ್‌ನ ವಿಷನ್3 500ಟಿ ಸಿನಿಮಾ ಫಿಲ್ಮೇ, ರೆಮ್‌ಜೆಟ್ ತೆಗೆದದ್ದು. ಬೀದಿದೀಪಗಳ ಸುತ್ತ ಅದರಲ್ಲಿ ಕಾಣುವ ಕೆಂಪು ಬಳೆಯನ್ನು ನೋಡಿ 'ಫಿಲ್ಮ್ ಅಂದರೆ ಹೀಗೆ' ಅನ್ನುವವರಿದ್ದಾರೆ. ಸಿನಿಮಾದವರು ತಡೆಯಲು ಹೆಣಗಿದ್ದೇ ಈಗ ಫಿಲ್ಮಿನ ಗುರುತಾಗಿದೆ, ಇರಲಿ. ನಿಮಗೆ ಬೇಕಾದ್ದು ಇಷ್ಟು: ಮಿಸ್ಟ್ ಫಿಲ್ಟರ್ ಕೊಡುವ ಪ್ರಭೆಗೆ ದೀಪದ್ದೇ ಬಣ್ಣ. ಟ್ಯೂಬ್‌ಲೈಟಿನ ಸುತ್ತ ಬಿಳಿ, ಎಣ್ಣೆದೀಪದ ಸುತ್ತ ಹಳದಿ. ಕೆಂಪು ಅಂಚು ಬೇಕಿದ್ದರೆ ಅದನ್ನು ಗ್ರೇಡಿಂಗ್‌ನಲ್ಲೇ, ಅಂದರೆ ಶೂಟ್ ಮುಗಿದ ಮೇಲೆ ಬಣ್ಣ ತಿದ್ದುವಾಗ, ಹಾಕಬೇಕು. ಫಿಲ್ಮಿನ ಕಾಳುಕಾಳು ನೋಟವಾದ ಗ್ರೇನ್ ಕೂಡ ಅಲ್ಲಿಯೇ.

ಹಾಗಾದರೆ ಪ್ರಭೆಯನ್ನೂ ಗ್ರೇಡಿಂಗ್‌ನಲ್ಲೇ ಹಾಕಬಾರದೇಕೆ? ನಿಮ್ಮ ಎರಡನೇ ಸ್ನೇಹಿತರ ಪ್ರಶ್ನೆ ಇದು, ಒಳ್ಳೆಯ ಪ್ರಶ್ನೆಯೇ. ಗೂಡಂಗಡಿಯ ಮುಂದೆ ಬಿಳಿ ಪಂಚೆಯ ಅಜ್ಜ ಕೂತಿದ್ದಾನೆ, ಮೇಲೊಂದು ಟ್ಯೂಬ್‌ಲೈಟ್ ಉರಿಯುತ್ತಿದೆ ಎನ್ನಿ. ನಿಜದಲ್ಲಿ ಟ್ಯೂಬ್‌ಲೈಟ್ ಪಂಚೆಗಿಂತ ಎಷ್ಟೋ ಪಟ್ಟು ಪ್ರಖರ. ಎಕ್ಸ್‌ಪೋಶರ್ ಸ್ವಲ್ಪ ಮೇಲಿದ್ದರೆ ರೆಕಾರ್ಡ್ ಆದ ಫೈಲಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಬಿಳಿ. ಸಾಫ್ಟ್‌ವೇರಿಗೆ ಗೊತ್ತಿರುವುದು ಆ ಬಿಳಿ ಮಾತ್ರ. ಗ್ಲೋ ಹಾಕಿದರೆ ಪಂಚೆಯೂ ಟ್ಯೂಬ್‌ಲೈಟಿನ ಜೊತೆ ಹೊಳೆಯಲು ಶುರುಮಾಡುತ್ತದೆ, ಅಜ್ಜನಿಗೆ ದೈವತ್ವ ಬಂದುಬಿಡುತ್ತದೆ. ಲೆನ್ಸಿನ ಮುಂದಿರುವ ಗಾಜಿಗೆ ಹಾಗಲ್ಲ, ಅದರ ಮೇಲೆ ಬೀಳುವುದು ನಿಜವಾದ ಬೆಳಕು. ಟ್ಯೂಬ್‌ಲೈಟಿಗೆ ಎಷ್ಟೋ ಅಷ್ಟು, ಪಂಚೆಗೆ ಎಷ್ಟೋ ಅಷ್ಟು. ಫ್ರೇಮಿನಿಂದ ಸ್ವಲ್ಪ ಆಚೆ ಇರುವ ದೀಪವೂ ಫಿಲ್ಟರಿಗೆ ಕಾಣುತ್ತದೆ, ಸಾಫ್ಟ್‌ವೇರಿಗೆ ಕಾಣುವುದಿಲ್ಲ. ಹೈಲೈಟುಗಳೆಲ್ಲ (ಚಿತ್ರದ ಅತಿ ಬೆಳಗಿದ ಭಾಗಗಳು) ಮಿತಿಯೊಳಗೆ ರೆಕಾರ್ಡ್ ಆಗಿದ್ದರೆ ಸಾಫ್ಟ್‌ವೇರ್ ಗ್ಲೋ ಕೂಡ ಚೆನ್ನಾಗಿಯೇ ಬರುತ್ತದೆ. ರಾತ್ರಿಯ ಅಂಗಡಿಯಲ್ಲಿ, ಬತ್ತಲೆ ಬಲ್ಬಿನ ಕೆಳಗೆ, ಅದು ಕಷ್ಟ.

ಫಿಲ್ಟರಿನ ದೊಡ್ಡ ದೋಷವೆಂದರೆ ಅದನ್ನು ವಾಪಸ್ ತೆಗೆಯಲಾಗದು. 1/2ರಲ್ಲಿ ಶೂಟ್ ಮಾಡಿ 'ಜಾಸ್ತಿಯಾಯಿತು' ಅಂದರೆ ಮಾಡುವಂಥದ್ದು ಏನೂ ಉಳಿಯುವುದಿಲ್ಲ. ಅದಕ್ಕೇ ನನ್ನ ಸಲಹೆ: ಸೆಟ್‌ನಲ್ಲಿ 1/8, ಉಳಿದದ್ದು ಗ್ರೇಡಿಂಗ್‌ನಲ್ಲಿ. ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರಿನ ಹಣ ಕೊಟ್ಟು ಕೊಳ್ಳುವ ಸ್ಟುಡಿಯೋ ಆವೃತ್ತಿಯಲ್ಲಿ ಹ್ಯಾಲೇಶನ್, ಗ್ರೇನ್, ಗ್ಲೋ ಎಲ್ಲದಕ್ಕೂ ಸಾಧನಗಳಿವೆ. ಎಡಿಟಿಂಗ್‌ನಲ್ಲಿ ಟಿವಿ ಅಥವಾ ಮೊಬೈಲ್ ಪರದೆಯ ಚಿತ್ರ ಬದಲಿಸುವ ಶಾಟ್, ಹಸಿರು ಪರದೆಯ ಶಾಟ್ ಇದ್ದರೆ ಅಲ್ಲಿ ಫಿಲ್ಟರ್ ತೆಗೆದೇ ಶೂಟ್ ಮಾಡಿ. ಇಲ್ಲದಿದ್ದರೆ ಅಂಚು ಕತ್ತರಿಸುವವರು ನಿಮ್ಮನ್ನು ಶಪಿಸುತ್ತಾರೆ.

ಈಗ ನಂಬರಿನ ಗೊಂದಲ. ಪ್ರೊ-ಮಿಸ್ಟ್ ತಯಾರಿಸುವ ಟಿಫೆನ್ ಕಂಪನಿಯ 1/4, ಇನ್ನೊಂದು ಕಂಪನಿಯ 1/4, ಎರಡೂ ಒಂದೇ ಅಲ್ಲ. ಮೊಮೆಂಟ್ ಕಂಪನಿಯವರು ತಮ್ಮ ಸಿನೆಬ್ಲೂಮ್ ಫಿಲ್ಟರಿಗೆ 5, 10, 20 ಪ್ರತಿಶತ ಎಂದು ಬೇರೆಯೇ ಲೆಕ್ಕ ಇಟ್ಟಿದ್ದಾರೆ. ಇವುಗಳನ್ನೆಲ್ಲ ಹೊಂದಿಸುವ ಅಳತೆಗೋಲು ಯಾವುದೂ ಇಲ್ಲ, ಕಣ್ಣಿನಿಂದಲೇ ನೋಡಬೇಕು. ಅದಕ್ಕಿಂತ ಮುಖ್ಯ, ಒಂದೇ ಫಿಲ್ಟರ್ 18 ಎಂಎಂನಲ್ಲಿ ಒಂದು ಥರ, 56ರಲ್ಲಿ ಇನ್ನೊಂದು ಥರ. ಫಿಲ್ಟರ್ ಬೆಳಕನ್ನು ತಿರುಗಿಸುವ ಕೋನ ಬದಲಾಗುವುದಿಲ್ಲ. ಉದ್ದದ ಲೆನ್ಸ್ ಎಲ್ಲವನ್ನೂ ಹಿಗ್ಗಿಸುವಾಗ ಆ ಚದುರುವಿಕೆಯನ್ನೂ ಹಿಗ್ಗಿಸುತ್ತದೆ. 18ರಲ್ಲಿ 'ಇದೆಯಾ ಇಲ್ಲವಾ' ಅನಿಸಿದ 1/4, ಅದೇ ಬಲ್ಬಿನ ಮುಂದೆ 56ರ ಕ್ಲೋಸಪ್‌ನಲ್ಲಿ ಮುಖವನ್ನೇ ಹೊಗೆಯಲ್ಲಿ ಮುಳುಗಿಸಬಹುದು. ಕೈಯಲ್ಲಿ ಎರಡು ಗ್ರೇಡ್ ಇದ್ದರೆ ವೈಡ್‌ಗೆ 1/4, ಕ್ಲೋಸಪ್‌ಗೆ 1/8. ಒಂದೇ ಕೊಳ್ಳುವುದಾದರೆ 1/8.

ನಿಮ್ಮ ಎರಡೂ ಲೆನ್ಸಿನ ಮೂತಿ 55 ಎಂಎಂ. ಆದರೂ 77 ಎಂಎಂ ಫಿಲ್ಟರ್ ತೆಗೆದುಕೊಂಡು 55ರಿಂದ 77ಕ್ಕೆ ಏರಿಸುವ ಸ್ಟೆಪ್-ಅಪ್ ರಿಂಗ್ ಹಾಕಿ, ನಾಳೆ ಬೇರೆ ಲೆನ್ಸ್ ಬಂದರೂ ಉಪಯೋಗಕ್ಕೆ ಬರುತ್ತದೆ. ತೊಂದರೆ ಏನೆಂದರೆ ಆಗ ಲೆನ್ಸ್ ಹುಡ್ ಕೂರುವುದಿಲ್ಲ, ಡಿಫ್ಯೂಶನ್ ಗಾಜಿನ ಮೇಲೆ ಓರೆ ಬೆಳಕು ಬಿದ್ದರೆ ಇಡೀ ಫ್ರೇಮೇ ಹಾಲಾಗುತ್ತದೆ. ಕಪ್ಪು ರಟ್ಟು ಹಿಡಿದು ನಿಲ್ಲಲು ಒಬ್ಬ ಹುಡುಗನನ್ನು ನೇಮಿಸಿ. ಬೆಂಗಳೂರಿನ ಕ್ಯಾಮೆರಾ ಬಾಡಿಗೆಯವರಲ್ಲಿ ಮ್ಯಾಟ್ ಬಾಕ್ಸ್ (ಲೆನ್ಸಿನ ಮುಂದೆ ಕೂರಿಸಿ ಓರೆ ಬೆಳಕು ತಡೆಯುವ, ಫಿಲ್ಟರ್ ಹಿಡಿಯುವ ಪೆಟ್ಟಿಗೆ) ಮತ್ತು 4×5.65 ಇಂಚಿನ ಫಿಲ್ಟರ್ ಕೇಳಿದರೆ ಇನ್ನೂ ಒಳ್ಳೆಯದು. ಬಲ್ಬಿನ ಪ್ರತಿಬಿಂಬ ಫ್ರೇಮಿನಲ್ಲಿ ತೇಲಾಡಿದಾಗ ಕೆಲವು ಮ್ಯಾಟ್ ಬಾಕ್ಸ್‌ಗಳಲ್ಲಿ ಟ್ರೇಯನ್ನು ಚೂರು ಓರೆ ಮಾಡಿ ತಪ್ಪಿಸಬಹುದು. ತಿರುಗಿಸಿ ಕೂರಿಸುವ ದುಂಡು ಫಿಲ್ಟರಿನಲ್ಲಿ ಆ ಸೌಕರ್ಯವಿಲ್ಲ. ಬೆರಳಚ್ಚು ಬಿದ್ದ ಗಾಜು ತನ್ನದೇ ಡಿಫ್ಯೂಶನ್ ಸೇರಿಸುತ್ತದೆ ಎಂಬುದನ್ನೂ ಮರೆಯಬೇಡಿ.

ಗೂಡಂಗಡಿಗೆ ಬರೋಣ. ಈ ಫಿಲ್ಟರಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ: ಸುತ್ತ ಕತ್ತಲು, ನಡುವೆ ಒಂದು ಬಲ್ಬು, ಪೆಪ್ಪರಮಿಂಟಿನ ಗಾಜಿನ ಭರಣಿಗಳು, ತೂಗುಬಿಟ್ಟ ಶಾಂಪೂ ಸ್ಯಾಶೆಗಳ ಸರ. ಆ ಒಂದೊಂದು ಸ್ಯಾಶೆಯ ಮಡಿಕೆಯಲ್ಲೂ ಬಲ್ಬು ಮಿಂಚುತ್ತದೆ, 1/8 ಅದನ್ನು ಹಿಡಿದು ಮೃದು ಮಾಡುತ್ತದೆ. ಬಲ್ಬು ಮಾತ್ರ ಹಾಗೇ ಬಿಡಬೇಡಿ. 9 ವಾಟ್ ಎಲ್‌ಇಡಿ ಇದ್ದರೆ 3 ಅಥವಾ 5 ವಾಟಿನದಕ್ಕೆ ಬದಲಿಸಿ, ಅಥವಾ ಕ್ಯಾಮೆರಾಗೆ ಕಾಣುವ ಬದಿಗೆ ಮಾತ್ರ ಎರಡು ಪದರ ಬಟರ್ ಪೇಪರ್ ಅಂಟಿಸಿ. ಕಾಗದ ಅಂಟಿಸಿದರೆ ಅಂಗಡಿಯವನ ಮುಖಕ್ಕೆ ಬೀಳುವ ಬೆಳಕು ಅಷ್ಟೇ ಇರುತ್ತದೆ, ಲೆನ್ಸಿಗೆ ಹೊಡೆಯುವ ಬೆಳಕು ತಗ್ಗುತ್ತದೆ. (ಹಳೇ ತಂತಿ ಬಲ್ಬಿಗೆ ಇದನ್ನು ಮಾಡಬೇಡಿ, ಕಾಗದ ಸುಡುತ್ತದೆ.) ಎಫ್‌ಎಕ್ಸ್30ಯ ಎರಡು ಬೇಸ್ ಐಎಸ್ಒಗಳಲ್ಲಿ (ಬೆಳಕಿಗೆ ಕ್ಯಾಮೆರಾದ ಮೂಲ ಸಂವೇದನೆಯ ಮಟ್ಟಗಳು) 800 ಹಗಲಿಗೆ, 2500 ರಾತ್ರಿಗೆ. ಗ್ರೇಡಿಂಗ್‌ಗೆಂದೇ ಇರುವ ಸೋನಿಯ ಎಸ್-ಲಾಗ್3 ರೆಕಾರ್ಡಿಂಗ್‌ನಲ್ಲಿ ಬಿಳಿ ಕಳೆದುಹೋಗುವುದು ಸುಮಾರು 94 ಪ್ರತಿಶತದ ಹತ್ತಿರ, ಝೀಬ್ರಾವನ್ನು (ಬೆಳಕು ಮಿತಿ ತಲುಪಿದ ಕಡೆ ಪರದೆಯಲ್ಲಿ ಪಟ್ಟೆ ತೋರಿಸುವ ಸೌಲಭ್ಯ) ಅಲ್ಲಿಗೆ ಇಟ್ಟುಕೊಂಡು ಬಲ್ಬಿನ ಹೊಟ್ಟೆ ಬಿಟ್ಟು ಬೇರೆಲ್ಲೂ ಪಟ್ಟೆ ಕಾಣದಂತೆ ನೋಡಿಕೊಳ್ಳಿ. ರಸ್ತೆಯಲ್ಲಿ ಬಸ್ಸಿನ ಹೆಡ್‌ಲೈಟ್ ನೇರ ಲೆನ್ಸಿಗೆ ಬಂದರೆ ಒಂದು ಕ್ಷಣ ಎಲ್ಲವೂ ತೊಳೆದುಹೋಗುತ್ತದೆ. ಕತೆಗೆ ಅದು ಬೇಕಾದರೆ ಸರಿ, ಬೇಡವಾದರೆ ಕ್ಯಾಮೆರಾ ಕೋನ ಬದಲಿಸಿ.

ತೊಟ್ಟಿ ಮನೆಯ ಕತೆ ಪೂರ್ತಿ ಬೇರೆ. ನಡುವೆ ತೆರೆದ ಆಕಾಶ, ಸುತ್ತ ಕಪ್ಪು ಮರದ ಕಂಬಗಳು, ಒಳಗೆ ಮಬ್ಬು ಜಗಲಿ. ಆಕಾಶವೆಂಬುದು ಬಲ್ಬಿನಂತೆ ಒಂದು ಚುಕ್ಕಿಯಲ್ಲ, ಫ್ರೇಮಿನ ಕಾಲುಭಾಗ. ಅಷ್ಟು ದೊಡ್ಡ ಬಿಳಿಯಿಂದ ಚದುರಿದ ಬೆಳಕು ಪ್ರಭೆಯಾಗಿ ನಿಲ್ಲುವುದಿಲ್ಲ, ಪೊರೆಯಾಗಿ ಎಲ್ಲದರ ಮೇಲೂ ಕೂರುತ್ತದೆ. ಆ ಮನೆಯ ಚೆಲುವೆಲ್ಲ ಇರುವುದು ಕಂಬದ ಕಪ್ಪಿನಲ್ಲಿ, ಮೊದಲು ಹೋಗುವುದೂ ಅದೇ. ಆಕಾಶ ಕಾಣುವ ವೈಡ್ ಶಾಟುಗಳಲ್ಲಿ ಫಿಲ್ಟರ್ ತೆಗೆದುಬಿಡಿ, ಜಗಲಿಯ ಒಳಗಿನ ಶಾಟುಗಳಿಗೆ ಹಾಕಿ. ಗ್ರೇಡಿಂಗ್‌ನಲ್ಲಿ ಎರಡರ ಕಪ್ಪನ್ನೂ ಒಂದೇ ಮಟ್ಟಕ್ಕೆ ತಂದರೆ ಕಟ್‌ನಲ್ಲಿ ಗೊತ್ತಾಗುವುದಿಲ್ಲ. ಯಾವ ಶಾಟಿಗೆ ಯಾವ ಗ್ರೇಡ್ ಎಂದು ಕ್ಲ್ಯಾಪ್ ಬೋರ್ಡಿನ ಮೇಲೇ ಬರೆದಿರಿ. ಮಲೆನಾಡಿನ ಮಳೆಗಾಲದಲ್ಲಿ ಶೂಟಿಂಗ್ ಇಟ್ಟುಕೊಂಡಿದ್ದರೆ ಹೊರಾಂಗಣಕ್ಕೆ ಫಿಲ್ಟರನ್ನು ಚೀಲದಲ್ಲೇ ಬಿಡಿ, ಮಂಜು ಆ ಕೆಲಸ ಮಾಡಿಕೊಡುತ್ತದೆ.

ತೊಟ್ಟಿಯೊಳಗೆ ಬಿಸಿಲಿನ ಕೋಲು ಇಳಿಯುವುದನ್ನು ತೋರಿಸಬೇಕು ಎಂದು ನಿಮ್ಮ ಮನಸ್ಸಿನಲ್ಲಿದ್ದರೆ (ತೊಟ್ಟಿ ಮನೆ ಆರಿಸಿದವರಿಗೆಲ್ಲ ಇರುತ್ತದೆ) ಅದಕ್ಕೆ ಫಿಲ್ಟರನ್ನು ನೆಚ್ಚಿಕೊಳ್ಳಬೇಡಿ. ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರು 1959ರ ಹಿಂದಿ ಚಿತ್ರ 'ಕಾಗಜ್ ಕೆ ಫೂಲ್'ನಲ್ಲಿ ಕನ್ನಡಿಗಳಿಂದ ಬಿಸಿಲನ್ನು ತಿರುಗಿಸಿ ಸ್ಟುಡಿಯೋದೊಳಗೆ ಹಾಯಿಸಿದ ಆ ಬೆಳಕಿನ ಕಂಬವನ್ನು ಇವತ್ತಿಗೂ ಛಾಯಾಗ್ರಾಹಕರು ಮಾತಾಡಿಕೊಳ್ಳುತ್ತಾರೆ. ಕಿರಣ ಕಾಣಬೇಕಾದರೆ ಗಾಳಿಯಲ್ಲಿ ಹೊಗೆಯೋ ದೂಳೋ ಇರಲೇಬೇಕು. ಹೊಗೆಗೆ ಆಳವಿದೆ: ಹತ್ತಿರದ ಮುಖ ಸ್ಪಷ್ಟ, ದೂರದ ಗೋಡೆ ಮಸುಕು. ಫಿಲ್ಟರಿಗೆ ಹತ್ತಿರ-ದೂರ ಗೊತ್ತಿಲ್ಲ, ಎಲ್ಲಕ್ಕೂ ಒಂದೇ. ಒಂದಿಷ್ಟು ಸಾಂಬ್ರಾಣಿ ಹೊಗೆ, ಎರಡು ಸಾಧಾರಣ ಕನ್ನಡಿ, ಬಿಸಿಲು ಬರುವ ಸರಿಯಾದ ಹೊತ್ತು. ಇಷ್ಟಿದ್ದರೆ ಯಾವ ಗಾಜಿಗೂ ಆಗದ ಕೆಲಸ ಆಗುತ್ತದೆ. ಶಾಟ್ ಶಾಟಿಗೂ ಹೊಗೆಯ ಪ್ರಮಾಣ ಒಂದೇ ಇರುವಂತೆ ನೋಡಿಕೊಳ್ಳುವುದೇ ಕಷ್ಟ.

ಟೆಸ್ಟ್ ಮಾಡುವಾಗ ಒಂದು ಮುಖ, ಒಂದು ಉರಿಯುವ ಬಲ್ಬು, ಒಂದು ಕಪ್ಪು ಬಟ್ಟೆ, ಮೂರೂ ಫ್ರೇಮಿನಲ್ಲಿರಲಿ. ಫಿಲ್ಟರ್ ಇಲ್ಲದೆ, 1/8, 1/4, ಹೀಗೆ 18, 50 ಮತ್ತು 56ರಲ್ಲಿ ತೆಗೆಯಿರಿ. ನಂತರ ಎಲ್ಲ ಶಾಟುಗಳ ಕಪ್ಪನ್ನು ಸಾಫ್ಟ್‌ವೇರಿನಲ್ಲಿ ಸಮ ಮಾಡಿ, ಆಮೇಲೆ ಹೋಲಿಸಿ. ಈ ಹೆಜ್ಜೆಯನ್ನು ಬಹಳ ಜನ ಬಿಡುತ್ತಾರೆ, ಕಾಂಟ್ರಾಸ್ಟ್ ಕಡಿಮೆಯಾದದ್ದನ್ನೇ 'ಫಿಲ್ಮ್ ಲುಕ್' ಅಂದುಕೊಳ್ಳುತ್ತಾರೆ. ಕಾಂಟ್ರಾಸ್ಟ್ ಇಳಿಸಲು ಫಿಲ್ಟರ್ ಯಾಕೆ ಬೇಕು, ಒಂದು ನಾಬ್ ತಿರುಗಿಸಿದರೆ ಸಾಕು. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ತೀರ್ಮಾನ ಬೇಡ. ಅಲ್ಲಿ ಏನೂ ಇಲ್ಲ ಅನಿಸಿದ್ದು ಪ್ರೊಜೆಕ್ಟರಿನಲ್ಲಿ ಢಾಳಾಗಿ ಕಾಣುತ್ತದೆ. ಚಿತ್ರೋತ್ಸವದ ಪರದೆಗೆ ಮಾಡುತ್ತಿದ್ದೀರೋ ಯೂಟ್ಯೂಬಿಗೋ ಎಂಬುದನ್ನು ಈಗಲೇ ನಿರ್ಧರಿಸಿಕೊಳ್ಳಿ. ಯೂಟ್ಯೂಬಿನ ಕಂಪ್ರೆಶನ್ ಸಣ್ಣ ಗ್ರೇನನ್ನು ನುಂಗಿಹಾಕುತ್ತದೆ, ಪ್ರಭೆ ಉಳಿಯುತ್ತದೆ.

ಚರ್ಮದ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಮಿಸ್ಟ್ ಫಿಲ್ಟರ್ ಮೊಡವೆ-ಸುಕ್ಕು ಮುಚ್ಚುತ್ತದೆ ಎಂದು ನಿರೀಕ್ಷಿಸಬೇಡಿ. ಅದಕ್ಕೆ ಸೂಕ್ಷ್ಮ ವಿವರಗಳನ್ನೇ ಮೃದು ಮಾಡುವ ಬೇರೆ ಜಾತಿಯ ಗಾಜುಗಳಿವೆ: ಟಿಫೆನ್‌ನ ಸಾಫ್ಟ್ ಎಫ್‌ಎಕ್ಸ್, ಷ್ನೈಡರ್‌ನ ಕ್ಲಾಸಿಕ್ ಸಾಫ್ಟ್. ಎರಡೂ ಕೆಲಸ ಸ್ವಲ್ಪ ಸ್ವಲ್ಪ ಮಾಡುವುದು ಷ್ನೈಡರ್‌ನ ಹಾಲಿವುಡ್ ಬ್ಲ್ಯಾಕ್ ಮ್ಯಾಜಿಕ್. ನಿಮ್ಮ ಗೂಡಂಗಡಿಯ ಅಜ್ಜನಿಗೆ ಇವು ಯಾವುವೂ ಬೇಡ. ಹಣೆಯ ಮೇಲಿನ ಎಣ್ಣೆ-ಬೆವರಿನ ಹೊಳಪನ್ನು ಮಾತ್ರ ಟಿಶ್ಯೂವಿನಿಂದ ಒತ್ತಿ ತೆಗೆಯಿರಿ, ಇಲ್ಲವಾದರೆ ಅಲ್ಲೂ ಪ್ರಭೆ ಏಳುತ್ತದೆ.

ಕೊನೆಗೆ ಸ್ಟಾಕಿಂಗ್. ಇದು ತಮಾಷೆಯ ಮಾತಲ್ಲ. ಕ್ರಿಶ್ಚಿಯನ್ ಡಿಯೋರ್ ಕಂಪನಿಯ ರೇಷ್ಮೆಯಂಥ ತೆಳು ಸ್ಟಾಕಿಂಗುಗಳನ್ನು ಲೆನ್ಸಿನ ಹಿಂಬದಿಗೆ ಬಿಗಿದು ದೊಡ್ಡ ದೊಡ್ಡ ಚಿತ್ರಗಳನ್ನು ತೆಗೆದವರಿದ್ದಾರೆ, ಆ ಸ್ಟಾಕಿಂಗಿಗಾಗಿ ಹುಡುಕಾಡಿದ ಛಾಯಾಗ್ರಾಹಕರೂ ಇದ್ದಾರೆ. ನೀವು ಹಿಂಬದಿಗೆ ಹಾಕಲು ಹೋಗಬೇಡಿ. ಮಿರರ್‌ಲೆಸ್ ಕ್ಯಾಮೆರಾದಲ್ಲಿ ಲೆನ್ಸಿನ ಹಿಂಭಾಗ ಸೆನ್ಸರಿಗೆ ಬಹಳ ಹತ್ತಿರ, ಎಳೆಯೊಂದು ಬಿಚ್ಚಿಕೊಂಡರೆ, ಅಂಟು ಕರಗಿದರೆ ಹೋಗಿ ಕೂರುವುದು ಸೆನ್ಸರ್ ಮೇಲೆಯೇ. ಮುಂಬದಿಗೆ ಕಟ್ಟಿ. ತೀರಾ ತೆಳುವಾದ, ಕಪ್ಪು ಬಣ್ಣದ್ದು ಆರಿಸಿ. ಬಿಳಿ ಅಥವಾ ಮೈಬಣ್ಣದ್ದು ಕಪ್ಪನ್ನು ಎತ್ತಿ ತನ್ನ ಬಣ್ಣವನ್ನೂ ಬೆರೆಸುತ್ತದೆ. ಎಲ್ಲ ಕಡೆ ಒಂದೇ ಸಮನೆ ಎಳೆದು ಲೆನ್ಸಿನ ಮೂತಿಗೆ ರಬ್ಬರ್ ಬ್ಯಾಂಡ್ ಹಾಕಿ. ಫೋಕಸ್ ರಿಂಗಿಗೆ ತಾಗದಂತೆ ನೋಡಿಕೊಳ್ಳಿ. ಅರ್ಧದಿಂದ ಒಂದು ಸ್ಟಾಪ್ ಬೆಳಕು ನಷ್ಟವಾಗುತ್ತದೆ (ಒಂದು ಸ್ಟಾಪ್ ಹೋಯಿತೆಂದರೆ ಬೆಳಕು ಅರ್ಧಕ್ಕೆ ಇಳಿದಂತೆ), ರಾತ್ರಿ ಶೂಟಿಗೆ ಅದು ಸಣ್ಣದಲ್ಲ. ಬಲೆಯ ಗುಣ ಮಿಸ್ಟಿನದಲ್ಲ: ಬಲ್ಬಿನಿಂದ ಎಳೆಗಳ ದಿಕ್ಕಿಗೆ ಸಣ್ಣ ಗೆರೆಗಳು ಹೊರಡುತ್ತವೆ, ಫೋಕಸ್ ತಪ್ಪಿದ ದೂರದ ದೀಪಗಳ ಒಳಗೆ ಬಲೆಯ ನೇಯ್ಗೆಯೇ ಕಾಣಬಹುದು. ಮರುದಿನ ಅದೇ ಬಿಗಿಯಲ್ಲಿ ಕಟ್ಟಲು ಆಗುವುದಿಲ್ಲವಾದ್ದರಿಂದ ಒಂದು ದೃಶ್ಯವನ್ನು ಎರಡು ದಿನ ತೆಗೆಯುವುದಾದರೆ ಹೊಂದುವುದಿಲ್ಲ. ನಿಮ್ಮ ಕತೆಯಲ್ಲಿ ಯಾರಾದರೂ ಹಳೆಯದನ್ನು ನೆನೆಯುವ ದೃಶ್ಯವಿದ್ದರೆ, ಒಂದೇ ಸಂಜೆಯಲ್ಲಿ ಮುಗಿಯುವಂಥದ್ದು, 56ರಲ್ಲಿ ಎಫ್2ರ ಆಸುಪಾಸು ಇಟ್ಟು ಅಲ್ಲಿ ಪ್ರಯತ್ನಿಸಿ. 18ರಲ್ಲಿ, ಅಪರ್ಚರ್ ಮುಚ್ಚಿಕೊಂಡು ಬೇಡ. ಎಳೆಗಳು ಕಾಣುತ್ತವೆ.